ಓಲ್ಡ್ ಬೈಲಿ ಆನ್‌ಲೈನ್: ಕೇಟ್ ವೆಬ್‌ಸ್ಟರ್ ಕೇಸನ್ನು ಸಾಕ್ಷಿಗಳ ಬಾಯಿಂದಲೇ ಓದಿ

1879ರ ರಿಚ್‌ಮಂಡ್ ಕೊಲೆ ಅಂತ ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ವಿಡಿಯೋಗಳು ಸಾಲುಗಟ್ಟಿ ಬರುತ್ತವೆ. ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಕಥೆ. ಲಂಡನ್ ಪಕ್ಕದ ರಿಚ್‌ಮಂಡಿನಲ್ಲಿ ಮನೆಕೆಲಸದ ಹೆಂಗಸು ಯಜಮಾನಿಯನ್ನು ಕೊಂದಳು, ತುಂಡು ಮಾಡಿದಳು, ಬಟ್ಟೆ ಕುದಿಸುವ ಹಂಡೆಯಲ್ಲಿ ಬೇಯಿಸಿದಳು, ಬಂದ ಕೊಬ್ಬನ್ನು ನೆರೆಹೊರೆಯವರಿಗೆ ಮಾರಿದಳು. ಮೊದಲಿನ ಮೂರು ನಿಜ. ನಾಲ್ಕನೆಯದಕ್ಕೆ ಆಧಾರವನ್ನು ಯಾರೂ ಕೊಟ್ಟಿಲ್ಲ. ಆದರೆ ವಿಡಿಯೋದ ಮೇಲೆ ದಪ್ಪ ಅಕ್ಷರದಲ್ಲಿ ಹಾಕುವುದು ಅದನ್ನೇ.

ನಾನು ಜಿಲ್ಲಾ ಸೆಷನ್ಸ್ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಕೊಲೆ ಕೇಸಿನ ಸಾಕ್ಷಿಗಳು ಹೇಳುವುದನ್ನು ಟೈಪ್ ಮಾಡುವುದೇ ನನ್ನ ಕೆಲಸವಾಗಿತ್ತು. ಅದಕ್ಕೇ ಇಂಥ ವಿಡಿಯೋ ನೋಡಿದರೆ ಸಂಕಟವಾಗುತ್ತದೆ. ಕಾನೂನು ಓದುತ್ತಿರುವ ಅಣ್ಣನ ಮಗಳು ಇದೇ ಕೇಸಿನ ವಿಡಿಯೋ ತೋರಿಸಿ, "ಅತ್ತೆ, ಇಷ್ಟೆಲ್ಲಾ ಕೋರ್ಟಿನಲ್ಲಿ ಸಾಬೀತಾಗಿತ್ತಾ?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಉತ್ತರ ಬೇಕು ಅಂದರೆ ನೋಡಬೇಕಾದದ್ದು ಕೋರ್ಟಿನ ವರದಿಯನ್ನೇ. ಅದು ಮೊಬೈಲಿನಲ್ಲೇ, ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ. ಆ ಜಾಲತಾಣದ ಹೆಸರು ಓಲ್ಡ್ ಬೈಲಿ ಆನ್‌ಲೈನ್. ಅದು ಹೇಗಿದೆ, ಯಾರಿಗೆ ಉಪಯೋಗ, ಎಲ್ಲಿ ಎಚ್ಚರ ಬೇಕು ಅಂತ ಹೇಳುತ್ತೇನೆ.

ಓಲ್ಡ್ ಬೈಲಿ ಅಂದರೆ ಲಂಡನ್ನಿನ ದೊಡ್ಡ ಕ್ರಿಮಿನಲ್ ಕೋರ್ಟು. ಅಲ್ಲಿನ ವಿಚಾರಣೆಗಳ ವರದಿ 1674ರಿಂದ 1913ರವರೆಗೆ ಅಚ್ಚಾಗುತ್ತಿತ್ತು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಇತಿಹಾಸಕಾರರು ಅದನ್ನೆಲ್ಲ ಅಕ್ಷರಕ್ಕಿಳಿಸಿ 2003ರಿಂದ ಜಾಲದಲ್ಲಿ ಹಾಕುತ್ತಾ ಬಂದರು. ಈಗ ಅಲ್ಲಿ 1,97,000ಕ್ಕೂ ಹೆಚ್ಚು ಕೇಸುಗಳಿವೆ. ಕರವಸ್ತ್ರ ಕದ್ದವನಿಂದ ಹಿಡಿದು ಕೊಲೆಗಾರರವರೆಗೆ ಎಲ್ಲರೂ ಅಲ್ಲಿದ್ದಾರೆ. ಚಂದಾ ಇಲ್ಲ, ಲಾಗಿನ್ ಇಲ್ಲ, ಜಾಹೀರಾತಿನ ಕಾಟವೂ ಇಲ್ಲ.

ಟೈಪ್ ಮಾಡಿ ಹೊಟ್ಟೆ ಹೊರೆದವಳಾದ್ದರಿಂದ ನನಗೆ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಹಳೆಯ ಅಚ್ಚನ್ನು ಯಂತ್ರ ಓದಿದರೆ ತಪ್ಪುಗಳು ರಾಶಿ ಬೀಳುತ್ತವೆ. ಹಾಗಾಗಿ 1834ರವರೆಗಿನ ಪುಟಗಳನ್ನು ಇಬ್ಬರು ಟೈಪಿಸ್ಟರ ಕೈಲಿ ಬೇರೆಬೇರೆಯಾಗಿ ಟೈಪ್ ಮಾಡಿಸಿದರು. ಆಮೇಲೆ ಎರಡನ್ನೂ ಕಂಪ್ಯೂಟರಿನಲ್ಲಿ ತಾಳೆ ನೋಡಿದರು. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಮನುಷ್ಯರು ಕೂತು ಸರಿಪಡಿಸಿದರು. ಅದರ ನಂತರದ ವರ್ಷಗಳಿಗೆ ಒಬ್ಬ ಟೈಪಿಸ್ಟ್, ಒಂದು ಯಂತ್ರ, ಎರಡರ ತಾಳೆ. ನಾವು ಡಿಪೊಸಿಷನ್, ಅಂದರೆ ಸಾಕ್ಷಿಯ ಹೇಳಿಕೆಯ ಪ್ರತಿಯನ್ನು ಮೂಲದ ಜೊತೆ ಸಾಲು ಸಾಲು ಓದಿ ತಾಳೆ ನೋಡುತ್ತಿದ್ದೆವಲ್ಲ, ಅದೇ ಶ್ರದ್ಧೆ. ಇಷ್ಟು ಮಾಡಿದರೂ ಅನುಮಾನ ಬಂದರೆ ಮೂಲ ಅಚ್ಚಿನ ಪುಟದ ಚಿತ್ರವನ್ನೂ ತೆರೆದು ನೋಡಬಹುದು. ನಂಬಿಕೆ ಬರುವುದು ಇಂಥದ್ದರಿಂದ.

ಹುಡುಕುವುದು ಸುಲಭ. ಮೊದಲ ಹೆಸರು ಹಾಕುವ ಗೊಡವೆಗೆ ಹೋಗಬೇಡಿ. ಕೇಟ್ ಅಂತ ಒಬ್ಬರು ಬರೆದರೆ ಕ್ಯಾಥರೀನ್ ಅಂತ ಇನ್ನೊಬ್ಬರು ಬರೆದಿರುತ್ತಾರೆ. ವೆಬ್‌ಸ್ಟರ್ ಅಂತ ಮಾತ್ರ ಹಾಕಿ, ವರ್ಷ 1879 ಕೊಡಿ, ಅಪರಾಧದ ಕಡೆ ಕೊಲೆ ಆರಿಸಿ. ಬರುವ ಪುಟ ಉದ್ದವಿದೆ. ಆರು ದಿನ ನಡೆದ ವಿಚಾರಣೆ ಅದು. ಮೊಬೈಲಿನಲ್ಲಿ ಓದಬಹುದು, ಆದರೆ ಸಾಕ್ಷಿಗಳ ಹೆಸರು ಹಿಂದೆಮುಂದೆ ನೋಡಬೇಕಾಗುತ್ತದೆ, ಕಂಪ್ಯೂಟರ್ ಇದ್ದರೆ ಒಳ್ಳೆಯದು. ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಂಡು ಯಾರು ಯಾರು ಅಂತ ಬರೆದುಕೊಳ್ಳಿ.

ಈಗ ಕೇಸಿಗೆ ಬರೋಣ.

ಸತ್ತವರು ಜೂಲಿಯಾ ಮಾರ್ಥಾ ಥಾಮಸ್. ಐವತ್ತು ದಾಟಿದ ವಯಸ್ಸು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರು. ಎರಡು ಸಲ ಮದುವೆಯಾಗಿ ಎರಡು ಸಲವೂ ಗಂಡನನ್ನು ಕಳೆದುಕೊಂಡಿದ್ದರು. ಪಾರ್ಕ್ ರೋಡಿನ ಜೋಡಿಮನೆಯೊಂದರ ಅರ್ಧದಲ್ಲಿ ಬಾಡಿಗೆಗೆ ಒಬ್ಬರೇ ಇದ್ದರು. 1879ರ ಜನವರಿಯಲ್ಲಿ ಕೇಟ್ ವೆಬ್‌ಸ್ಟರಳನ್ನು ಕೆಲಸಕ್ಕೆ ಇಟ್ಟುಕೊಂಡರು. ಅವಳು ಐರ್ಲೆಂಡಿನ ವೆಕ್ಸ್‌ಫರ್ಡ್ ಕಡೆಯವಳು, ವಯಸ್ಸು ಸುಮಾರು 30, ಜೊತೆಗೆ ಒಬ್ಬ ಪುಟ್ಟ ಮಗ. ಕಳ್ಳತನಕ್ಕಾಗಿ ಮತ್ತೆ ಮತ್ತೆ ಜೈಲು ಕಂಡವಳು. ಅದು ಯಜಮಾನಿಗೆ ಗೊತ್ತಿರಲಿಲ್ಲ. ಇಬ್ಬರಿಗೂ ಹೊಂದಲಿಲ್ಲ. ಕೆಲಸ ಬಿಡು ಅಂತ ಹೇಳಿದ್ದನ್ನು ಯಜಮಾನಿ ತಮ್ಮ ಡೈರಿಯಲ್ಲಿ ಬರೆದಿಟ್ಟಿದ್ದರು. ಮಾರ್ಚ್ 2, ಭಾನುವಾರ. ಮಧ್ಯಾಹ್ನ ರಜೆ ತೆಗೆದುಕೊಂಡ ಕೇಟ್ ಪಬ್ಬಿಗೆ ಹೋಗಿ ತಡವಾಗಿ ಬಂದಳು. ಇದರಿಂದ ಯಜಮಾನಿ ಸಂಜೆ ಪ್ರಾರ್ಥನೆಗೆ ತಡವಾಗಿ ಹೋಗಬೇಕಾಯಿತು. ಅಲ್ಲಿ ಕಂಡವರಿಗೆ ಅವರ ಮುಖ ಸರಿಯಿಲ್ಲ ಅನ್ನಿಸಿತ್ತು. ಮನೆಗೆ ಮರಳಿದ ಮೇಲೆ ಅವರನ್ನು ಜೀವಂತವಾಗಿ ಮತ್ತೆ ಯಾರೂ ನೋಡಲಿಲ್ಲ.

ಅಂದು ರಾತ್ರಿ ಪಕ್ಕದ ಮನೆಯವರ ಕಿವಿಗೆ ಬಿದ್ದದ್ದು ಒಂದೇ ಸದ್ದು. ಕುರ್ಚಿ ಉರುಳಿದ ಹಾಗೆ. ಅಷ್ಟೇ. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗೋಡೆಯಾಚೆ ಕುರ್ಚಿ ಬಿದ್ದರೆ ಯಾರು ತಾನೆ ಎದ್ದು ಹೋಗಿ ಕೇಳುತ್ತಾರೆ? ವಿಡಿಯೋಗಳಲ್ಲಿ ಈ ಜಾಗಕ್ಕೆ ಕಿರುಚಾಟ ಸೇರಿಸುತ್ತಾರೆ. ಸಾಕ್ಷಿ ಹೇಳುವವರು ಹಾಗೆಲ್ಲ ಹೇಳುವುದಿಲ್ಲ. ಕೇಳಿದ್ದು ಎಷ್ಟೋ ಅಷ್ಟು ಹೇಳುವ ಸಾಕ್ಷಿಯನ್ನು ನಮ್ಮ ಕೋರ್ಟಿನಲ್ಲೂ ಜಡ್ಜ್ ಸಾಹೇಬರು ತಲೆ ಎತ್ತಿ ನೋಡುತ್ತಿದ್ದರು.

ನನ್ನ ಪ್ರಕಾರ ಇಡೀ ಕೇಸಿನ ಜೀವ ಇರುವುದು ಹ್ಯಾಮರ್‌ಸ್ಮಿತ್‌ನ ಪೋರ್ಟರ್ ಕುಟುಂಬದ ಸಾಕ್ಷ್ಯದಲ್ಲಿ. ಅಪ್ಪ ಹೆನ್ರಿ, ಅಮ್ಮ ಆನ್, ಮಗ ರಾಬರ್ಟ್. ಕೇಟ್‌ಗೆ ಹಳೆಯ ಪರಿಚಯದವರು. ಮಾರ್ಚ್ 4ರಂದು ಅವಳು ಯಜಮಾನಿಯ ರೇಷ್ಮೆ ಬಟ್ಟೆ ಹಾಕಿಕೊಂಡು ಅವರ ಮನೆಗೆ ಬಂದಳು. ಈಗ ತಾನು ಮಿಸೆಸ್ ಥಾಮಸ್, ಸೋದರತ್ತೆ ರಿಚ್‌ಮಂಡಿನ ಮನೆಯನ್ನು ತನಗೆ ಬರೆದಿಟ್ಟಿದ್ದಾಳೆ, ಅದನ್ನು ಸಾಮಾನು ಸಮೇತ ವಿಲೇವಾರಿ ಮಾಡಬೇಕು ಅಂದಳು. ಕೈಯಲ್ಲಿ ಒಂದು ಭಾರದ ಚೀಲ. ಅಪ್ಪ ಮಗ ಇಬ್ಬರೂ ಅದನ್ನು ಹೊರಲು ನೆರವಾದರು. ದಾರಿಯಲ್ಲಿ ಒಂದು ಪಬ್ಬಿಗೆ ಹೋದಾಗ ಅವಳು ಚೀಲ ಹಿಡಿದು ಹೊರಗೆ ಹೋದಳು, ಬರಿಗೈಯಲ್ಲಿ ವಾಪಸ್ ಬಂದಳು. ಆ ಚೀಲ ಕೊನೆಗೂ ಸಿಗಲಿಲ್ಲ. ಆಮೇಲೆ ಹುಡುಗ ಅವಳ ಜೊತೆ ರಿಚ್‌ಮಂಡಿಗೆ ಹೋಗಿ ಒಂದು ಪೆಟ್ಟಿಗೆ ಹೊತ್ತ. ರಿಚ್‌ಮಂಡ್ ಸೇತುವೆ ಮೇಲೆ ಅವನನ್ನು ಮುಂದೆ ಕಳಿಸಿದಳು. ಹಿಂದಿನಿಂದ ಏನೋ ನೀರಿಗೆ ಬಿದ್ದ ಸದ್ದು. ಸ್ವಲ್ಪ ಹೊತ್ತಿಗೆ ಅವಳು ಬಂದು ಸೇರಿಕೊಂಡಳು. ಕೊನೆಯ ರೈಲು ತಪ್ಪಿತು. ಹುಡುಗ ಆ ರಾತ್ರಿ ಅದೇ ಮನೆಯಲ್ಲಿ ಮಲಗಿದ.

ಈ ಭಾಗವನ್ನು ನಿಧಾನವಾಗಿ ಓದಿ. ಹದಿಹರೆಯದ ಹುಡುಗ ಸಾಕ್ಷಿಕಟ್ಟೆಯಲ್ಲಿ ನಿಂತು ಪೆಟ್ಟಿಗೆಯ ಬಗ್ಗೆ ಹೇಳುತ್ತಿದ್ದಾನೆ. ತಾನು ಹೊತ್ತದ್ದು ಏನು ಅಂತ ಅವನಿಗೆ ಆಮೇಲೆ ತಿಳಿದಿದೆ. ಮರುದಿನವೇ ಬಾರ್ನ್ಸ್ ಹತ್ತಿರ ಕಲ್ಲಿದ್ದಲು ಸಾಗಿಸುವ ಹೆನ್ರಿ ವೀಟ್ಲಿ ಅನ್ನುವವನಿಗೆ ನದಿಯಲ್ಲಿ ಪೆಟ್ಟಿಗೆ ಸಿಕ್ಕಿತ್ತು. ಒಳಗೆ ಇದ್ದದ್ದನ್ನು ನೋಡಿದ ವೈದ್ಯರೊಬ್ಬರು ಚಿಕ್ಕ ವಯಸ್ಸಿನವರ ದೇಹ ಅಂತ ತಪ್ಪು ತಿಳಿದರು. ತಲೆ ಸಿಗಲಿಲ್ಲ. ಗುರುತು ಹತ್ತಲಿಲ್ಲ. ಕೊನೆಗೆ ಬಾರ್ನ್ಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅಷ್ಟು ದಿನವೂ ಕೇಟ್ ಅದೇ ಮನೆಯಲ್ಲಿ ಮಿಸೆಸ್ ಥಾಮಸ್ ಆಗಿ ಓಡಾಡುತ್ತಿದ್ದಳು.

ಸಿಕ್ಕಿಬಿದ್ದದ್ದು ಹೇಗೆ? ಯಾವ ಪತ್ತೇದಾರನಿಂದಲೂ ಅಲ್ಲ, ಮನೆ ಮಾಲಕಿ ಮಿಸ್ ಐವ್ಸ್ ಕೇಳಿದ ಒಂದು ಮಾತಿನಿಂದ. ಇವರೇ ಪಕ್ಕದ ಮನೆಯವರು. ಹ್ಯಾಮರ್‌ಸ್ಮಿತ್‌ನ ಪಬ್ ಮಾಲೀಕ ಜಾನ್ ಚರ್ಚ್ ಮನೆಸಾಮಾನನ್ನು 68 ಪೌಂಡಿಗೆ ಕೊಳ್ಳಲು ಒಪ್ಪಿದ್ದ. ಮಾರ್ಚ್ 18ರಂದು ಗಾಡಿಗಳು ಬಂದವು. ಸಾಮಾನು ಯಾರು ಸಾಗಿಸಲು ಹೇಳಿದ್ದು ಅಂತ ಮಿಸ್ ಐವ್ಸ್ ಕೇಳಿದರು. ಮಿಸೆಸ್ ಥಾಮಸ್ ಅಂತ ಗಾಡಿಯವರು ಕೇಟ್ ಕಡೆ ಕೈ ತೋರಿಸಿದರು. ಬಾಡಿಗೆದಾರರ ಮುಖ ಮಾಲಕಿಗೆ ಗೊತ್ತಿರುವುದಿಲ್ಲವೇ? ಕೇಟ್ ಮಗನನ್ನು ಕರೆದುಕೊಂಡು ಐರ್ಲೆಂಡಿಗೆ ಓಡಿದಳು. ಜಾನ್ ಚರ್ಚ್‌ನ ಮನೆಗೆ ಹೋಗಿದ್ದ ಬಟ್ಟೆಗಳ ನಡುವೆ ನಿಜವಾದ ಮಿಸೆಸ್ ಥಾಮಸ್‌ಗೆ ಸ್ನೇಹಿತರೊಬ್ಬರು ಬರೆದ ಕಾಗದ ಸಿಕ್ಕಿತು. ಪೊಲೀಸರು ಮನೆ ಹೊಕ್ಕಾಗ ಒಲೆಯಲ್ಲಿ ಸುಟ್ಟ ಮೂಳೆ ಚೂರು, ಹಂಡೆಯ ಹಿಂದೆ ಕೊಬ್ಬಿನ ಜಿಡ್ಡು. ಕೇಟ್‌ಳ ಊರಿನ ವಿಳಾಸವೂ ಅಲ್ಲೇ ಸಿಕ್ಕಿತು. ತಿಂಗಳು ಮುಗಿಯುವುದರೊಳಗೆ ಅವಳು ಹುಟ್ಟೂರಲ್ಲೇ ಬಂಧನವಾದಳು.

ಬಂಧನವಾದ ಮೇಲೆ ಚರ್ಚ್ ಕೊಂದ ಅಂದಳು. ಅವನನ್ನು ಹಿಡಿದರು. ಕೊಲೆಯಾದ ಹೊತ್ತಿಗೆ ಅವನು ಬೇರೆ ಕಡೆ ಇದ್ದದ್ದು ಖಚಿತವಾಗಿ ಬಿಟ್ಟರು. ಆಮೇಲೆ ಪೋರ್ಟರ್ ಮೇಲೆ ಹೇಳಿದಳು. ಆಮೇಲೆ ಮಗನ ತಂದೆಯ ಮೇಲೆ. ಹಾಗಾಗಿ ಈ ಕೇಸಿನ ಮುಖ್ಯ ಸಾಕ್ಷಿಗಳೇ ಒಮ್ಮೆ ಅನುಮಾನಕ್ಕೆ ಗುರಿಯಾದವರು. ಅವರ ಮಾತನ್ನು ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ಇಲ್ಲೇ ನನ್ನ ದೊಡ್ಡ ಎಚ್ಚರಿಕೆ ಇರುವುದು. ಈ ವರದಿಯಲ್ಲಿ ವಕೀಲರ ಪ್ರಶ್ನೆಗಳು ಬಹುಪಾಲು ಇಲ್ಲ. ಉತ್ತರಗಳನ್ನು ಮಾತ್ರ ಒಂದಕ್ಕೊಂದು ಹೊಲಿದು ಸಾಕ್ಷಿಯೇ ಸರಾಗವಾಗಿ ಹೇಳಿದ ಹಾಗೆ ಅಚ್ಚು ಮಾಡಿದ್ದಾರೆ. ನಮ್ಮ ಸೆಷನ್ಸ್ ಕೋರ್ಟಿನಲ್ಲೂ ಸಾಕ್ಷ್ಯ ಬರೆಯುವುದು ಸಾಮಾನ್ಯವಾಗಿ ಕಥನ ರೂಪದಲ್ಲೇ. ಆದರೆ ನಾವು ಪಾಟೀಸವಾಲು, ಅಂದರೆ ಎದುರು ಪಕ್ಷದ ವಕೀಲರ ಪ್ರಶ್ನೆಗೆ ಬಂದ ಉತ್ತರ, ಟೈಪ್ ಮಾಡುವ ರೀತಿ ಬೇರೆ. "ನಾನು ಅಂದು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ", "ಆರೋಪಿಗೂ ನನಗೂ ಜಮೀನಿನ ತಕರಾರು ಇದೆ ಎಂದರೆ ಸರಿ". ಹೀಗೆ ಬರೆದಾಗ ಉತ್ತರದೊಳಗೇ ಪ್ರಶ್ನೆ ಉಳಿದುಕೊಳ್ಳುತ್ತದೆ. ವಕೀಲರು ಯಾವ ದಿಕ್ಕಿಗೆ ಎಳೆಯುತ್ತಿದ್ದರು ಅಂತ ಮೇಲಿನ ಕೋರ್ಟಿನವರಿಗೂ ತಿಳಿಯುತ್ತದೆ. ಓಲ್ಡ್ ಬೈಲಿಯ ಪುಟದಲ್ಲಿ ಆ ಎಳೆ ಕಾಣುವುದಿಲ್ಲ. ಪಾಟೀಸವಾಲು ಶುರುವಾಯಿತು ಅಂತ ಒಂದು ಗುರುತು ಇರುತ್ತದೆ, ಆಮೇಲೆ ಬರೀ ಉತ್ತರ. ಸಾಕ್ಷಿ ಇದ್ದಕ್ಕಿದ್ದ ಹಾಗೆ ತನ್ನ ಕುಡಿತದ ಬಗ್ಗೆಯೋ ಹಣದ ಬಗ್ಗೆಯೋ ಮಾತಾಡಿದರೆ, ಅಲ್ಲಿ ವಕೀಲರು ಚುಚ್ಚಿದ್ದಾರೆ ಅಂತ ನೀವೇ ಊಹಿಸಿಕೊಳ್ಳಬೇಕು. ಅಲ್ಲಿ ಸ್ವಲ್ಪ ನಿಂತು, ಯಾವ ಪ್ರಶ್ನೆಗೆ ಈ ಉತ್ತರ ಬಂದಿರಬಹುದು ಅಂತ ಯೋಚಿಸಿ. ಅಣ್ಣನ ಮಗಳಿಗೆ ನಾನು ಇದನ್ನೇ ಮಾಡಿಸಿದೆ. ಉತ್ತರಗಳನ್ನು ಕೊಟ್ಟು ಪ್ರಶ್ನೆ ಬರಿ ಅಂದೆ. ಪಾಟೀಸವಾಲು ಕಲಿಯಲು ಇದಕ್ಕಿಂತ ಒಳ್ಳೆ ಅಭ್ಯಾಸ ನನಗೆ ಗೊತ್ತಿಲ್ಲ.

ವಕೀಲರ ವಾದಗಳಿಗೂ ಈ ವರದಿಗಳಲ್ಲಿ ಜಾಗ ಕಡಿಮೆ. ಸರ್ಕಾರದ ಕಡೆ ಸಾಲಿಸಿಟರ್ ಜನರಲ್ ಸರ್ ಹಾರ್ಡಿಂಜ್ ಗಿಫರ್ಡ್ ನಿಂತಿದ್ದರು, ಕೇಟ್ ಪರ ವಾರ್ನರ್ ಸ್ಲೀ. ನ್ಯಾಯಾಧೀಶರು ಡೆನ್ಮನ್. ನೇರ ಕಂಡವರು ಯಾರೂ ಇಲ್ಲ, ಎಲ್ಲ ಸಾಂದರ್ಭಿಕ ಸಾಕ್ಷ್ಯ, ಮಗನನ್ನು ಇಷ್ಟು ಪ್ರೀತಿಸುವ ತಾಯಿ ಇಂಥದ್ದು ಮಾಡುವಳೇ ಅನ್ನುವುದು ಸ್ಲೀ ಅವರ ವಾದವಾಗಿತ್ತು. ಅದನ್ನು ತಿಳಿಯಲು ಆ ಕಾಲದ ಪತ್ರಿಕೆಗಳ ವರದಿ ನೋಡಬೇಕು. ಬರೀ ಈ ಪುಟ ಓದಿ ಎದ್ದರೆ ಪ್ರಾಸಿಕ್ಯೂಷನ್ ಕಡೆಯದ್ದೇ ತಲೆಯಲ್ಲಿ ಉಳಿಯುತ್ತದೆ.

ಇನ್ನೂ ದೊಡ್ಡ ಕೊರತೆ ಆರೋಪಿಯದೇ. ಇಂಗ್ಲೆಂಡಿನಲ್ಲಿ ಆರೋಪಿ ತನ್ನ ಕೇಸಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳುವ ಹಕ್ಕು ಎಲ್ಲ ಅಪರಾಧಗಳಿಗೂ ಬಂದದ್ದು 1898ರಲ್ಲಿ. 1879ರಲ್ಲಿ ಕೇಟ್ ಸಾಕ್ಷಿಕಟ್ಟೆ ಹತ್ತುವ ಹಾಗೇ ಇರಲಿಲ್ಲ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗಳು ಬೇರೆಯವರ ಮೂಲಕ ಬರುತ್ತವೆ, ಅಷ್ಟೇ. ನಮ್ಮಲ್ಲಿ ಸಾಕ್ಷ್ಯ ಮುಗಿದ ಮೇಲೆ ಆರೋಪಿಯನ್ನು ನಿಲ್ಲಿಸಿ, ನಿನ್ನ ವಿರುದ್ಧ ಇಂಥಿಂಥವರು ಹೀಗೆ ಹೇಳಿದ್ದಾರೆ, ಏನು ಹೇಳುತ್ತೀ ಅಂತ ಜಡ್ಜ್ ಒಂದೊಂದಾಗಿ ಕೇಳುತ್ತಾರೆ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 313ನೇ ಕಲಂ ಅಂತ ನಮಗೆಲ್ಲ ಬಾಯಿಪಾಠ. ಈಗ ಹೊಸ ಸಂಹಿತೆಯಲ್ಲಿ ಅದು 351. ಬಹಳ ಜನ "ಸುಳ್ಳು" ಅಂತ ಒಂದೇ ಮಾತು ಹೇಳುತ್ತಾರೆ, ನಿಜ. ಆದರೂ ಆರೋಪಿಯ ಬಾಯಿಂದ ಬಂದ ಆ ಒಂದು ಮಾತು ಕಾಗದದ ಮೇಲೆ ಇರುತ್ತದೆ. ಕೇಟ್‌ಳ ಪುಟದಲ್ಲಿ ಅಂಥದ್ದಕ್ಕೆ ಜಾಗವೇ ಇಲ್ಲ.

ಅವಳು ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಗಲ್ಲಿಗೇರುವ ಹಿಂದಿನ ದಿನ ಪಾದ್ರಿಯ ಮುಂದೆ ತಾನೊಬ್ಬಳೇ ಮಾಡಿದ್ದು ಅಂತ ಒಪ್ಪಿಕೊಂಡಳು. ಜಗಳವಾಯಿತು, ಮೆಟ್ಟಿಲ ಮೇಲಿಂದ ತಳ್ಳಿದೆ, ಕೂಗದ ಹಾಗೆ ಕುತ್ತಿಗೆ ಹಿಡಿದೆ ಅಂದಳು. ಆದರೆ ಕೊಲೆ ಸಿಟ್ಟಿನ ಭರದ್ದೋ ಮೊದಲೇ ಯೋಚಿಸಿದ್ದೋ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಮೇರಿ ಡರ್ಡನ್ ಅನ್ನುವ ಟೋಪಿ ಹೊಲಿಯುವವಳ ಸಾಕ್ಷ್ಯ ಓದಿ. ಕೊಲೆಗೆ ಕೆಲವೇ ದಿನ ಮುಂಚೆ ಕೇಟ್ ಅವಳ ಹತ್ತಿರ, ಸೋದರತ್ತೆ ತನಗೆ ಮನೆ, ಒಡವೆ ಬರೆದಿಟ್ಟಿದ್ದಾಳೆ, ಮಾರಲು ಬರ್ಮಿಂಗ್‌ಹ್ಯಾಮಿಗೆ ಹೋಗಬೇಕು ಅಂದಿದ್ದಳಂತೆ. ಸಣ್ಣ ಸಾಕ್ಷಿ, ಸಣ್ಣ ಮಾತು. ಕೇಟ್‌ಗೆ ಇದು ತುಂಬಾ ಮುಳುವಾಯಿತು. ವಿಡಿಯೋಗಳಲ್ಲಿ ಡರ್ಡನ್ ಹೆಸರನ್ನೇ ನಾನು ಕೇಳಲಿಲ್ಲ.

ಜುಲೈ 8ರಂದು ಗಂಡಸರೇ ತುಂಬಿದ ಜ್ಯೂರಿ ಒಂದೂಕಾಲು ಗಂಟೆಯಲ್ಲಿ ತೀರ್ಮಾನ ಕೊಟ್ಟಿತು. ಶಿಕ್ಷೆ ತಪ್ಪಿಸಿಕೊಳ್ಳಲು ಕೇಟ್ ಗರ್ಭಿಣಿ ಅಂದಳು. ಆಗ ಕೋರ್ಟಿನಲ್ಲಿದ್ದ ಹೆಂಗಸರನ್ನೇ ಸೇರಿಸಿ ಪರೀಕ್ಷೆ ಮಾಡಿಸಿದರು. ಅಲ್ಲ ಅಂತ ಬಂತು. 21 ದಿನಕ್ಕೆ, ಜುಲೈ 29ರಂದು, ವಾಂಡ್ಸ್‌ವರ್ತ್ ಜೈಲಿನಲ್ಲಿ ಗಲ್ಲಾಯಿತು. ಮೇಲ್ಮನವಿಗೆ ಕೋರ್ಟೇ ಇರಲಿಲ್ಲ. ಅದು ಬಂದದ್ದು 1907ರ ಕಾಯ್ದೆಯಿಂದ. ನಮ್ಮಲ್ಲಿ ಸೆಷನ್ಸ್ ಕೋರ್ಟು ಮರಣದಂಡನೆ ಕೊಟ್ಟರೆ ಹೈಕೋರ್ಟು ಖಾಯಂ ಮಾಡುವ ತನಕ ಜಾರಿಯಾಗುವ ಹಾಗಿಲ್ಲ. ಅಂಥ ಫೈಲು ಕಟ್ಟಿ ಹೈಕೋರ್ಟಿಗೆ ಕಳಿಸುವಾಗ ಒಂದು ಅಕ್ಷರ ತಪ್ಪಾಗಬಾರದು ಅಂತ ಇಡೀ ಆಫೀಸು ಉಸಿರು ಬಿಗಿಹಿಡಿದು ಕೂತಿರುತ್ತಿತ್ತು. ಇಲ್ಲಿ ಆ ಕೆಲಸವೇ ಇರಲಿಲ್ಲ ಅನ್ನುವುದು ಓದುವಾಗ ನನಗೆ ತುಂಬಾ ಕಷ್ಟವಾಯಿತು.

ಇನ್ನು ಗಲ್ಲಾದ ಮೇಲಿನದ್ದು ಈ ಜಾಲತಾಣದಲ್ಲಿ ಸಿಗುವುದಿಲ್ಲ. ಮರುದಿನವೇ ಮಿಸೆಸ್ ಥಾಮಸ್ ಮನೆಯಲ್ಲಿ ಹರಾಜು ನಡೆದು, ಆ ಹಂಡೆ ಐದು ಶಿಲಿಂಗಿಗೆ ಹೋಯಿತು. ಮೇಡಮ್ ಟುಸ್ಸಾಡ್ಸ್‌ನವರು ಕೇಟ್‌ಳ ಮೇಣದ ಬೊಂಬೆ ಮಾಡಿ ನಿಲ್ಲಿಸಿದರು. 2010ರಲ್ಲಿ ಪ್ರಕೃತಿ ಚಿತ್ರಗಳ ಡೇವಿಡ್ ಅಟೆನ್‌ಬರೋ ಅವರ ಜಾಗದಲ್ಲಿ ಕಟ್ಟಡ ಕೆಲಸ ಮಾಡುವಾಗ ಒಂದು ತಲೆಬುರುಡೆ ಸಿಕ್ಕಿತು. ಕೇಟ್ ಹೋಗುತ್ತಿದ್ದ ಪಬ್ ಇದ್ದ ಜಾಗವೇ ಅದು. 2011ರಲ್ಲಿ ಕಾರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಅದು ಜೂಲಿಯಾ ಮಾರ್ಥಾ ಥಾಮಸ್ ಅವರದ್ದೇ ಅಂತ ಹೇಳಿ, 1879ರಲ್ಲಿ ತೀರ್ಮಾನವಾಗದೆ ಉಳಿದಿದ್ದ ಮರಣ ವಿಚಾರಣೆಯನ್ನು ಕಾನೂನುಬಾಹಿರ ಹತ್ಯೆ ಅಂತ ಮುಗಿಸಿದರು. ಸತ್ತವರ ಹೆಸರು ಸರಿಯಾಗಿ ದಾಖಲೆಗೆ ಬರಲು 132 ವರ್ಷ ಬೇಕಾಯಿತು.

ಯಾರಿಗೆ ಈ ಜಾಲತಾಣ ಬೇಕು? ಕಾನೂನು ವಿದ್ಯಾರ್ಥಿಗಳಿಗೆ ಖಂಡಿತ ಬೇಕು. ಕಥೆ, ನಾಟಕ ಬರೆಯುವವರಿಗೂ ಬೇಕು, ಏಕೆಂದರೆ ಬಡವರು, ಕೂಲಿಯವರು, ಮನೆಕೆಲಸದವರು ದಿನ ಹೇಗೆ ಕಳೆದರು ಅಂತ ತಾವೇ ಹೇಳುವ ಇಂಥ ರಾಶಿ ಬೇರೆ ಕಡೆ ಸಿಗುವುದು ಕಷ್ಟ. ಎಲ್ಲವೂ ಇಂಗ್ಲಿಷಿನಲ್ಲೇ ಇದೆ. ವಾಕ್ಯಗಳು ಹಳೆಯವಾದರೂ ಸಾಕ್ಷಿಗಳ ಮಾತು ಸರಳ, ಹತ್ತನೇ ಕ್ಲಾಸಿನ ಇಂಗ್ಲಿಷ್ ಸಾಕು. ಸುಮ್ನೆ ರೋಮಾಂಚನಕ್ಕೆ ಹೋಗುವವರಿಗೆ ಬೇಸರವಾಗಬಹುದು. ಇಲ್ಲಿ ಹಿನ್ನೆಲೆ ಸಂಗೀತ ಇಲ್ಲ, ರೈಲಿನ ಸಮಯ, ಪೆಟ್ಟಿಗೆಯ ಹಿಡಿ, ಬಟ್ಟೆಯ ಗುರುತು, ಇದೇ ಜಾಸ್ತಿ. ನನಗೆ ಅದೇ ಬೇಕಿತ್ತು.

ಓದುವ ಕ್ರಮ ಹೇಳಿಬಿಡುತ್ತೇನೆ. ಮೊದಲು ಮಿಸ್ ಐವ್ಸ್ ಸಾಕ್ಷ್ಯ ಓದಿ, ಮನೆ ಹೇಗಿತ್ತು ಅಂತ ತಿಳಿಯುತ್ತದೆ. ಆಮೇಲೆ ಪೋರ್ಟರ್ ಕುಟುಂಬದ ಮೂವರನ್ನೂ ಒಟ್ಟಿಗೆ, ಒಬ್ಬರ ಮಾತನ್ನು ಇನ್ನೊಬ್ಬರದ್ದರ ಜೊತೆ ತಾಳೆ ನೋಡುತ್ತಾ ಓದಿ. ನಂತರ ಚರ್ಚ್. ಡರ್ಡನ್ ಕೊನೆಗೆ ಇರಲಿ. ಹೆಣದ ಪರೀಕ್ಷೆ ಮಾಡಿದ ವೈದ್ಯರ ಭಾಗ ಕಷ್ಟವಾದರೆ ದಾಟಿಕೊಂಡು ಹೋಗಿ, ಕೇಸು ಅರ್ಥವಾಗಲು ತೊಂದರೆಯಿಲ್ಲ.